ಬೆಡ್‌ಶೀಟುಗಳ ಕಾವಲು

ಚೆಂಡು ಒದ್ದೆ ಮರಳಿನ ಮೇಲೆ ಬಿದ್ದು, ಒಮ್ಮೆ ಪುಟಿದು ನಿಂತಿತು. ಮೆಗ್ ಚೆಂಡನ್ನು ನೋಡಿತು, ಆಮೇಲೆ ಗ್ವೆಂಡಾಳನ್ನು ನೋಡಿತು; ಕೈಯಲ್ಲಿದ್ದದ್ದು ಜಾರಿಬಿದ್ದರೂ ಗೊತ್ತಾಗದೆ ನಿಂತ ಮುದುಕಿಯನ್ನು ನೋಡುವ ಹಾಗೆ, ತುಸು ಮರುಕದಿಂದ. ಗ್ವೆಂಡಾ ತಾನೇ ನಡೆದುಹೋಗಿ ಚೆಂಡನ್ನು ಎತ್ತಿಕೊಂಡು ಬಂದಳು. ಬೆಳಗಿನಿಂದ ಇದು ಐದನೆಯ ಸಲ. ನಾಯಿಗಿಂತ ನನಗೇ ವ್ಯಾಯಾಮ ಚೆನ್ನಾಗಿ ಆಗುತ್ತಿದೆ ಎಂದುಕೊಂಡಳು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಹೇಳಿ ನಗಬಹುದಾದ ಮಾತು. ಯಾರೂ ಇರಲಿಲ್ಲ. ದೂರದಲ್ಲಿ ಒಬ್ಬ ಹುಡುಗಿ ಎರಡು ಬಿಳಿ ಜೂಲುನಾಯಿಗಳ ಜೊತೆ ಓಡುತ್ತಿದ್ದಳು, ಅವು ಅವಳ ಕಾಲಿಗೆ ತೊಡರಿಕೊಂಡು ಕುಣಿಯುತ್ತಿದ್ದವು. ಮೆಗ್ ಹಾಗೆ ಕುಣಿದದ್ದನ್ನು ಗ್ವೆಂಡಾ ಒಂದು ದಿನವೂ ನೋಡಿದವಳಲ್ಲ. ಅದು ಕುರಿ ಕಾಯುವುದಕ್ಕೆಂದೇ ಹುಟ್ಟಿದ ಕೆಲ್ಪಿ ಜಾತಿಯದು, ಒಂಬತ್ತು ವರ್ಷದ್ದು. ಕಡಲ ದಂಡೆಯಲ್ಲೂ ಅವಳ ಎಡಗಾಲಿನ ಹಿಂದೆ ಒಂದೇ ಅಳತೆಯ ದೂರ ಇಟ್ಟುಕೊಂಡು ಕೆಲಸಕ್ಕೆ ಹೊರಟಂತೆ ನಡೆಯುತ್ತಿತ್ತು. ಇವತ್ತು ಗುರುವಾರ. ನಾಳೆ ಊರಿನ ಕೌನ್ಸಿಲಿನವನು, ನಾಯಿಗಳ ದೂರು ವಿಚಾರಿಸುವವನು, ಬರುತ್ತಾನೆ. ಅಷ್ಟರೊಳಗೆ ಬೊಗಳಾಟ ನಿಲ್ಲದಿದ್ದರೆ ನಾಯಿಯನ್ನು ಈ ಊರಿನಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು ಮೂರನೆಯ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಅದಕ್ಕೇ ನಿನ್ನೆ ರೆಜ್‌ಗೆ ಫೋನು ಮಾಡಿದ್ದಳು, ಹಳೆಯ ಜಮೀನಿನ ಬೇಲಿಯಾಚೆಯ ರೆಜ್‌ಗೆ. ‘ನಾಳೆ ನಾಲ್ಕು ಗಂಟೆಗೆ ಬಂದು ಕರ್ಕೊಂಡ್ಹೋಗ್ತೀನಿ, ನಮ್ಮಲ್ಲಿ ಎರಡು ಸಾವಿರ ಕುರಿ ಇದೆ, ಕೆಲಸಕ್ಕೇನು ಬರ’ ಅಂದಿದ್ದ. ಇವಳು ಹೂಂ ಅಂದಿದ್ದಳು. ಫೋನು ಇಟ್ಟ ಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದಳು. ನಾಯಿಯೂ ಹೋದರೆ ದಿನಕ್ಕೊಂದು ಸಲವಾದರೂ ಬಾಗಿಲು ತೆರೆದು ಹೊರಡಲು ಏನು ನೆಪ ಉಳಿಯುತ್ತದೆ ಎಂದು ಯೋಚಿಸಿದ್ದಳು. ಆಮೇಲೆ ಎದ್ದು ಪಾತ್ರೆ ತೊಳೆದಿದ್ದಳು.

ಏನೇನು ಮಾಡಬೇಕೋ ಎಲ್ಲವನ್ನೂ ಮಾಡಿದ್ದಳು, ಅದರಲ್ಲಿ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ದಿನಕ್ಕೆ ಆರು ಕಿಲೋಮೀಟರು ನಡಿಗೆ, ಮೊಣಕಾಲು ಊದಿದ ದಿನವೂ. ಶನಿವಾರ ಶನಿವಾರ ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ನಡೆಯುವ ನಾಯಿಗಳ ತರಗತಿ. ಅಲ್ಲಿ ಕಲಿಸುವ ಬ್ರಿಯಾನಾ ಎಂಬ ಹುಡುಗಿ ನೀಲಿ ಜಾಕೆಟ್ಟಿನ ಜೇಬಿನ ತುಂಬ ಒಣಗಿಸಿದ ಲಿವರಿನ ಚೂರು ಇಟ್ಟುಕೊಂಡಿರುತ್ತಿದ್ದಳು. ಮೈ ದಣಿದರೆ ಸಾಲದು, ತಲೆಯೂ ದಣೀಬೇಕು, ತಲೆಗೆ ಕೆಲಸ ಇಲ್ಲದ ನಾಯಿ ತಾನೇ ಕೆಲಸ ಹುಡುಕಿಕೊಳ್ಳುತ್ತದೆ ಎಂದು ಅವಳು ಹೇಳಿದ್ದನ್ನು ಗ್ವೆಂಡಾ ಮನೆಗೆ ಬಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದಳು. ಬಟ್ಟಲಿನಲ್ಲಿ ಊಟ ಹಾಕುವುದನ್ನು ಬಿಟ್ಟು ಕಾಳಿನಂಥ ತಿಂಡಿಯನ್ನು ಹುಲ್ಲಿನಲ್ಲಿ ಎರಚಿದಳು, ಹಳೆಯ ಟವೆಲ್ಲಿನಲ್ಲಿ ಸುತ್ತಿ ಗಂಟು ಹಾಕಿದಳು, ಕಪ್‌ಕೇಕ್ ಮಾಡುವ ತಟ್ಟೆಯ ಹನ್ನೆರಡು ಗುಳಿಗಳಲ್ಲಿಟ್ಟು ಮೇಲೆ ಟೆನ್ನಿಸ್ ಚೆಂಡು ಮುಚ್ಚಿದಳು. ಮೆಗ್ ಎಲ್ಲವನ್ನೂ ಮಾಡಿತು. ಹನ್ನೆರಡು ಚೆಂಡನ್ನು ಎರಡು ನಿಮಿಷದಲ್ಲಿ ಪಕ್ಕಕ್ಕೆ ಸರಿಸಿ, ತಿಂದು, ಬಾಯಿ ಒರೆಸಿಕೊಂಡಂತೆ ನಾಲಿಗೆ ಆಡಿಸಿ, ‘ಆಯ್ತಲ್ಲ ನಿನ್ನ ಆಟ’ ಎನ್ನುವ ಹಾಗೆ ಬೆನ್ನು ತಿರುಗಿಸಿ ಹಿತ್ತಿಲ ಮೂಲೆಗೆ ಹೋಗಿ ಕೂತಿತು. ಆದರೆ ಗ್ವೆಂಡಾಳಿಗೆ ಮರೆಯಲಾಗದ್ದು ಮೂರನೆಯ ಶನಿವಾರ. ನಾಯಿಯನ್ನು ಹತ್ತಿರ ಕರೆದು ಮುದ್ದಾಗಿ ಹೊಗಳಬೇಕಿತ್ತು, ಒಬ್ಬೊಬ್ಬರಾಗಿ, ಎಲ್ಲರ ಮುಂದೆ. ಅವಳ ಸರದಿ ಬಂದಾಗ ಗಂಟಲಿನಿಂದ ಗಾಳಿಯಷ್ಟೇ ಹೊರಟಿತು. “ಖುಷಿಯಾಗಿ ಹೇಳಿ ಗ್ವೆಂಡಾ! ನಿಮ್ಮ ಧ್ವನಿ ಅವಳಿಗೆ ಕೇಳಿಸ್ಬೇಕು!” ಎಂದು ಬ್ರಿಯಾನಾ ಚಪ್ಪಾಳೆ ತಟ್ಟಿದಳು. ಗ್ವೆಂಡಾ ಮತ್ತೆ ಬಾಯಿ ತೆರೆದಳು. ಪೂಡಲ್ ನಾಯಿ ಹಿಡಿದಿದ್ದ ಒಬ್ಬ ಗಂಡಸು ಬೇರೆ ಕಡೆ ನೋಡಿದ. ಅವನಿಗೆ ಅವಳ ಮೇಲೆ ಕನಿಕರ ಹುಟ್ಟಿತ್ತು, ಅದು ಅವಳಿಗೆ ಗೊತ್ತಾಗಿತ್ತು. ಆ ವಾರದಿಂದ ಅವಳು ತರಗತಿಗೆ ಹೋಗಲಿಲ್ಲ.

ನಾಯಿಗೆ ಒಂದೇ ಗಂಟಲು. ಜಮೀನಿನ ಕಡೆ ಹುಟ್ಟಿದ ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ಬೇರೆಯವರ ತಟ್ಟೆಗೆ ಕೈ ಹಾಕಬಾರದು ಅನ್ನುವ ಹಾಗೆ ತಾನಾಗಿ ಗೊತ್ತಿರುತ್ತದೆ. ಕೆಲಸದ ನಾಯಿ ಒಬ್ಬನದು. ಹೋಗು, ಕೂರು, ಬಲಕ್ಕೆ, ಎಡಕ್ಕೆ ಎಲ್ಲವನ್ನೂ ಅವನೇ ಹೇಳಬೇಕು. ಇನ್ನೊಬ್ಬರು ಬಾಯಿ ಹಾಕಿದರೆ ನಾಯಿ ಕೆಟ್ಟಿತು. ಅಣ್ಣ ಮರ್ವ್‌ನ ಹತ್ತಿರ ಒಂದಾದ ಮೇಲೊಂದು ಏಳು ನಾಯಿಗಳಿದ್ದವು, ಏಳಕ್ಕೂ ಮಾಂಸ ಕತ್ತರಿಸಿ ಹಾಕಿದವಳು ಗ್ವೆಂಡಾ, ಮುಳ್ಳು ತೆಗೆದವಳು ಗ್ವೆಂಡಾ, ಒಂದಕ್ಕೂ ಒಂದು ಮಾತು ಹೇಳಿದವಳಲ್ಲ. ಒಮ್ಮೆ ಹೇಳಿದ್ದಳು. ಇಪ್ಪತ್ತೆರಡು ವರ್ಷ ಆಗ. ಉಣ್ಣೆ ಕತ್ತರಿಸುವವರು ಬಂದಿದ್ದರು, ಶೆಡ್ಡಿನ ಬಾಗಿಲಿಗೆ ಇವಳು ಕೇಕಿನ ತಟ್ಟೆ ಹಿಡಿದು ಬಂದಾಗ ಕುರಿಯೊಂದು ತಪ್ಪಿಸಿಕೊಂಡು ಓಡಿತು, ಇವಳು ತಿಳಿಯದೆ ನಾಯಿಗೆ ‘ಹಿಡಿ’ ಎಂದು ಕೂಗಿದಳು. ನಾಯಿ ಅರ್ಧ ದಾರಿಯಲ್ಲಿ ನಿಂತು ಅಣ್ಣನ ಮುಖ, ಇವಳ ಮುಖ ನೋಡಿತು. “ಬಾಯಿ ಮುಚ್ಚೇ! ನಾಯಿಗೆ ಒಂದೇ ಗಂಟಲು. ಕೇಕ್ ಇಟ್ಟು ಹೋಗು” ಎಂದ ಮರ್ವ್. ಹನ್ನೆರಡು ಗಂಡಸರು ನಕ್ಕರು. ಅವರಲ್ಲಿ ಒಬ್ಬನನ್ನು ಅವಳು ಆ ವಾರ ಪೂರ್ತಿ ಕದ್ದು ನೋಡುತ್ತಿದ್ದಳು, ಅವನೂ ನಕ್ಕ. ಅದೇನು ಮಹಾ ವಿಷಯ, ಎಷ್ಟು ಜನಕ್ಕೆ ಎಷ್ಟೆಲ್ಲ ಆಗುತ್ತದೆ ಎಂದು ಗ್ವೆಂಡಾ ನಲವತ್ತು ವರ್ಷಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದಳು. ಮರ್ವ್ ಕೆಟ್ಟವನಲ್ಲ. ಸಾಯಂಕಾಲ ಕೊನೆಯ ಕುರಿ ಗೇಟು ದಾಟಿದ ಮೇಲೆ ನಾಯಿಗೆ ‘ಆಯ್ತು, ಬಿಡು’ ಅನ್ನುತ್ತಿದ್ದನಲ್ಲ, ಆ ಎರಡು ಮಾತನ್ನು ಅವನು ಎಷ್ಟು ಮೆತ್ತಗೆ ಹೇಳುತ್ತಿದ್ದ ಎಂದರೆ ಇವಳು ಅಡುಗೆಮನೆಯ ಕಿಟಕಿ ತೆರೆದು ಕೇಳಿಸಿಕೊಳ್ಳುತ್ತಿದ್ದಳು. ಆ ಮಾತು ಕೇಳುವವರೆಗೂ ನಾಯಿ ನೀರು ಮುಟ್ಟುತ್ತಿರಲಿಲ್ಲ. ಕೇಳಿದ ತಕ್ಷಣ ಮೈಯೆಲ್ಲ ಸಡಿಲ ಬಿಟ್ಟು ನೀರಿನ ತೊಟ್ಟಿಯೊಳಗೆ ಇಳಿದು ಮಲಗಿಬಿಡುತ್ತಿತ್ತು. ಆಗ ನಾಲ್ಕೂವರೆ. ಕೆಟಲ್ ಸಿಳ್ಳೆ ಹಾಕುತ್ತಿತ್ತು, ಮರ್ವ್ ಬೂಟು ಬಿಚ್ಚುತ್ತಿದ್ದ.

ಮನೆಗೆ ಬಂದಾಗ ಪಕ್ಕದ ಮನೆಯ ಸೂಲಾ ಎರಡನೆಯ ಬುಟ್ಟಿ ಬಟ್ಟೆ ಹರವುತ್ತಿದ್ದಳು. ಸೂಲಾ ಹಿಂದಿನ ಅಂಗಳದಲ್ಲಿ ನಾಲ್ಕು ಕೋಣೆ ಕಟ್ಟಿಸಿ ರಜಕ್ಕೆ ಬರುವವರಿಗೆ ಬಾಡಿಗೆಗೆ ಕೊಡುವ ಹೆಂಗಸು. ಅಂದರೆ ದಿನವೂ ಬೆಡ್‌ಶೀಟು, ದಿಂಬಿನ ಕವರು, ಎಲ್ಲ ಬಿಳಿ. ಅವಳ ತಂತಿಗಳು ಗ್ವೆಂಡಾಳ ಹಿತ್ತಿಲ ಮೂಲೆಗೆ ಸರಿಯಾಗಿ, ಸೊಂಟದೆತ್ತರದ ಬೇಲಿಯ ಆಚೆ ಇದ್ದವು. ಮೆಗ್ ನೀರು ಕುಡಿಯದೆ ನೇರ ಮೂಲೆಗೆ ಹೋಗಿ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ, ಮೂತಿ ಮುಂದೆ ಚಾಚಿ, ಬೆಡ್‌ಶೀಟುಗಳನ್ನು ದಿಟ್ಟಿಸಿತು. ಗಾಳಿ ಬಂದು ಒಂದು ಶೀಟು ಎದ್ದಿತು. ಮೆಗ್ ಎಡಕ್ಕೆ ನುಗ್ಗಿ ಬೊಗಳಿತು. ಶೀಟು ಇಳಿಯಿತು. ಮೆಗ್ ಮತ್ತೆ ತಗ್ಗಿತು. ಕತ್ತಲಾಗಿ ಸೂಲಾ ಬಟ್ಟೆ ತೆಗೆಯುವ ತನಕ ಹೀಗೇ, ಐದು ತಿಂಗಳಿಂದ.

“ನನ್ನ ಬೆಡ್‌ಶೀಟು ಎಲ್ಲಿಗೂ ಓಡಿಹೋಗಲ್ಲ ಕಣೇ!” ಎಂದು ಸೂಲಾ ನಾಯಿಗೆ ಕೈ ಮುಗಿದಳು. ಆಮೇಲೆ ಕ್ಲಿಪ್ಪನ್ನು ಬಾಯಿಂದ ತೆಗೆದು ಬೇಲಿಯ ಹತ್ತಿರ ಬಂದಳು. “ಗ್ವೆಂಡಾ, ನೋಡು ಚಿನ್ನಾ, ನಾನು ಬರೆದಿಲ್ಲ ಆ ಕಂಪ್ಲೇಂಟು. ನಮ್ಮಮ್ಮನ ಆಣೆ. ಬಾಡಿಗೆಗೆ ಬಂದಿದ್ರಲ್ಲ, ಆ ಮೆಲ್ಬರ್ನಿನವರು, ಅವರು ಬರೆದಿದ್ದು.”

“ಗೊತ್ತು.”

“ಎರಡನೇದು ಮಾತ್ರ ನಾನು ಬರೆದೆ. ಅವತ್ತು ನನಗೆ ತಲೆನೋವಿತ್ತು.” ಸೂಲಾ ಸಕ್ಕರೆ ಪುಡಿ ಉದುರುವ ಬಿಸ್ಕತ್ತಿನ ತಟ್ಟೆಯನ್ನು ಬೇಲಿಯ ಮೇಲಿಂದ ದಾಟಿಸಿದಳು. “ತಿನ್ನು. ಇವತ್ತೇ ಕರ್ಕೊಂಡ್ಹೋಗ್ತಾರಾ? ಒಳ್ಳೇದೇ ಆಯ್ತು ಬಿಡು, ಅದಕ್ಕೂ ಕೆಲಸ ಸಿಗುತ್ತೆ. ನೀನೂ ಆಮೇಲೆ ನಮ್ಮ ಮನೆ ಕಡೆ ಬಾ, ಇಸ್ಪೀಟು ಆಡೋಣ. ಒಬ್ಳೇ ಕೂತು ಏನು ಮಾಡ್ತೀಯಾ?”

ಬರುತ್ತೇನೆ ಎಂದಳು ಗ್ವೆಂಡಾ. ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಳಗೆ ಬಂದು ಬಿಸ್ಕತ್ತಿನ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಮೆಗ್‌ನ ಸಾಮಾನು ಒಂದು ಚೀಲಕ್ಕೆ ಹಾಕಲು ಕೂತಳು. ಸರಪಳಿ, ಹಳೆಯ ಟವೆಲ್ಲು, ಹುಳದ ಮಾತ್ರೆ. ಕಪ್‌ಕೇಕಿನ ತಟ್ಟೆಯನ್ನು ಹಾಕಿ ಮತ್ತೆ ತೆಗೆದಳು, ರೆಜ್ ನಕ್ಕಾನು. ಇದಕ್ಕೆಲ್ಲ ಐದು ನಿಮಿಷವೂ ಹಿಡಿಯಲಿಲ್ಲ. ಮರ್ವ್‌ನ ಬಟ್ಟೆ ಕಟ್ಟಲೂ ಅರ್ಧ ಗಂಟೆ ಸಾಕಾಗಿತ್ತು. ಅವನು ತೀರಿಕೊಂಡ ದಿನ ಅವಳಿಗೆ ಸಿಟ್ಟು ಬಂದಿತ್ತು, ಅಷ್ಟೇ. ಬೆಳಿಗ್ಗೆ ಅವಳು ಒಂದು ವಾರ ಎಲ್ಲಾದರೂ ಹೋಗಿ ಬರಬೇಕು, ರೈಲಿನಲ್ಲಿ, ಸುಮ್ಮನೆ, ಎಂದು ಹೇಳಿದ್ದಳು. ‘ಹೋಗು, ನನಗ್ಯಾರು ಬೇಯಿಸಿ ಹಾಕ್ತಾರೆ?’ ಎಂದು ಅವನು ಪೇಪರು ಓದುತ್ತಲೇ ಹೇಳಿದ್ದ. ನಾಲ್ಕೂವರೆಗೆ ಅವನು ಬರಲಿಲ್ಲ. ಐದಕ್ಕೆ ಅವಳು ಅವನ ಬಟ್ಟಲಿನ ಚಹಾವನ್ನು ಸಿಂಕಿಗೆ ಚೆಲ್ಲಿದಳು, ಬೇಕೆಂದೇ, ತಣ್ಣಗೆ ಕುಡಿಯುವ ಸುಖವೂ ಅವನಿಗೆ ಸಿಗದಿರಲಿ ಎಂದು. ಐದೂವರೆಗೆ ಆಲೂಗೆಡ್ಡೆ ಸುಲಿದಳು. ಆರೂವರೆಗೆ ಗಾಡಿ ತೆಗೆದುಕೊಂಡು ಹೋದಾಗ ಅವನು ಕೆಳಗಿನ ಹೊಲದ ಗೇಟಿಗೆ ಒರಗಿ ಕೂತಿದ್ದ, ಟೋಪಿ ತೊಡೆಯ ಮೇಲಿತ್ತು, ಬಿಸಿಲಿನಲ್ಲೂ ಮೈ ತಣ್ಣಗಿತ್ತು. ಎರಡು ಗಂಟೆ. ಮೊದಲೇ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರಿಗೆ ಆಲೂಗೆಡ್ಡೆಯ ವಿಷಯ ಗೊತ್ತಿರಲಿಲ್ಲ. ಹೊಲದ ಆಚೆ ಮೂಲೆಯಲ್ಲಿ ನಲವತ್ತು ಕುರಿಗಳನ್ನು ಬೇಲಿಗೆ ಒತ್ತಿ ನಿಲ್ಲಿಸಿಕೊಂಡು ಮೆಗ್ ಹೊಟ್ಟೆಯ ಮೇಲೆ ಮಲಗಿತ್ತು. ಕುರಿಗಳಿಂದ ಕಣ್ಣು ಕಿತ್ತು ಒಂದೇ ಒಂದು ಸಲ ಗ್ವೆಂಡಾಳ ಕಡೆ ನೋಡಿತ್ತು. ಆ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಣ್ಣ ಪಕ್ಕದಲ್ಲೇ ಕೂತಿದ್ದ. ಅವಳು ನುಂಗಿಕೊಂಡಳು, ಫೋನು ಮಾಡಲು ಮನೆಗೆ ಓಡಿದಳು, ಆಮೇಲೆ ಆಂಬುಲೆನ್ಸು, ಆಸ್ಪತ್ರೆ, ಕಾಗದಗಳು. ನಾಯಿ, ಕುರಿ ನೋಡಿಕೋ ಎಂದು ರೆಜ್‌ಗೆ ಹೇಳಿದ್ದಳು. ಅವನು ನೋಡಿಕೊಂಡಿದ್ದ. ಆಮೇಲೆ ಜಮೀನು ಬಿಟ್ಟು ಅವಳೂ ನಾಯಿಯೂ ಈ ಕಡಲೂರಿಗೆ ಬಂದಿದ್ದರು.

ರೆಜ್ ತುಸು ತಡವಾಗಿ, ನಾಲ್ಕೂಕಾಲಿಗೆ ಬಂದ. ಪಿಕಪ್ ಗಾಡಿಯನ್ನು ಅಂಗಳಕ್ಕೆ ಹಿಂದುಹಿಂದಾಗಿ ತಂದು ನಿಲ್ಲಿಸಿ, ಹಿಂದಿನ ಹಲಗೆಯನ್ನು ಬೀಳಿಸಿದ. ಬೇರೆ ಯಾವ ಕೆಲಸದ ನಾಯಿಯಾದರೂ ಆ ಸದ್ದಿಗೆ ನೆಗೆದು ಹತ್ತುತ್ತಿತ್ತು. ಮೆಗ್ ಕಿವಿಯನ್ನಷ್ಟೇ ಆಡಿಸಿತು. ಗ್ವೆಂಡಾ ಕೆಟಲನ್ನು ಒಲೆಯ ಮೇಲಿಟ್ಟು, ಚೀಲವನ್ನು ಹೊರಗೆ ತಂದು ಗಾಡಿಯ ಬಳಿ ಇಟ್ಟಳು. ರೆಜ್ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಬೆಡ್‌ಶೀಟುಗಳನ್ನೂ ನಾಯಿಯನ್ನೂ ಬಹಳ ಹೊತ್ತು ನೋಡಿದ.

“ಏನು ಮಾಡ್ತಿದೆ ಇದು?”

“ಕಾಯ್ತಿದೆ.”

“ಬಟ್ಟೇನಾ?”

“ದಿನಾ ಇದೇ. ಎಷ್ಟು ನಡೆಸಿದ್ರೂ, ಏನು ಆಟ ಆಡಿಸಿದ್ರೂ.”

ರೆಜ್‌ಗೆ ನಗು ಬರಬೇಕಿತ್ತು, ಬರಲಿಲ್ಲ. ಗಲ್ಲ ಕೆರೆದುಕೊಂಡ. “ಅವತ್ತೂ ಹಿಂಗೇ ಮಲಗಿತ್ತು, ಗ್ವೆಂಡಾ. ಇದೇ ಥರ. ನಿನಗೆ ಹೇಳಿರಲಿಲ್ಲ ನಾನು, ನೀನು ಮೊದಲೇ ನೊಂದಿದ್ದೆ ಅಂತ. ಸಂಜೆ ನಾನು ಬರೋಕಾಗಲಿಲ್ಲ. ನಾಯಿ ಮನೆಗೆ ಹೋಗಿರುತ್ತೆ ಬಿಡು ಅಂದ್ಕೊಂಡೆ. ಬೆಳಿಗ್ಗೆ ಹತ್ತಕ್ಕೆ ಬಂದು ನೋಡಿದ್ರೆ ನಲವತ್ತು ಕುರೀನೂ ಆ ಮೂಲೇಲೇ ಇದಾವೆ. ಒಂದೂ ಅಲ್ಲಾಡಿಲ್ಲ. ಇದರ ಪಾದ ಎಲ್ಲ ರಕ್ತ, ನಾಲಿಗೆ ಮಣ್ಣಿಗೆ ತಾಗಿತ್ತು.”

ಗ್ವೆಂಡಾ ನಾಯಿಯ ಪಾದಗಳನ್ನು ನೋಡಿದಳು. ರಾತ್ರಿಯಿಡೀ ಎಂದು ಅವಳಿಗೆ ಗೊತ್ತಿರಲಿಲ್ಲ. ತಾನು ಆಸ್ಪತ್ರೆಯ ಕುರ್ಚಿಯಲ್ಲಿ ಯಾರೋ ಕೊಟ್ಟ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಹೊತ್ತು ಅದು. ಬೆಣ್ಣೆ ಜಾಸ್ತಿಯಾಗಿದೆ ಎಂದುಕೊಂಡದ್ದೂ ನೆನಪಿತ್ತು.

“ಆಮೇಲೆ ನೀನು ಬಿಡಿಸಿದೆಯಲ್ಲ” ಎಂದಳು.

“ಹೂಂ, ಎತ್ಕೊಂಡು ಬಂದೆ.”

“ಎತ್ಕೊಂಡು?”

“ಮೂಟೆ ಎತ್ತಿದ ಹಂಗೆ. ಗುರ್ ಅಂತು. ಗಾಡಿಯೊಳಗೆ ಹಾಕಿ ಸರಪಳಿ ಬಿಗಿದೆ. ಬರ್ತಾ ದಾರಿಯುದ್ದಕ್ಕೂ ಹಿಂದಕ್ಕೇ ನೋಡ್ತಿತ್ತು.”

“ಮಾತು ಹೇಳಲಿಲ್ವಾ ರೆಜ್ ನೀನು? ಆಯ್ತು, ಬಿಡು ಅಂತ?”

ರೆಜ್ ಅವಳನ್ನು ವಿಚಿತ್ರವಾಗಿ ನೋಡಿದ. ಅವನ ಮುಖದಲ್ಲಿ ನೋವಾದದ್ದು ಕಾಣುತ್ತಿತ್ತು. “ಮರ್ವ್‌ನ ನಾಯಿಗಾ? ನಾನಾ? ಅವನಿನ್ನೂ ಮಣ್ಣಿಗೆ ಹೋಗಿರಲಿಲ್ಲ ಗ್ವೆಂಡಾ. ಇನ್ನೊಬ್ಬನ ನಾಯಿಗೆ ನಾನು ಹೇಗೆ ಮಾತು ಹೇಳಲಿ? ಅಂಥವನು ಅಂದ್ಕೊಂಡ್ಯಾ ನನ್ನ?”

ಇಲ್ಲ, ಅಂಥವನಲ್ಲ. ಯಾರೂ ಅಂಥವರಲ್ಲ, ಎಲ್ಲರೂ ಮರ್ಯಾದಸ್ಥರು. ಗ್ವೆಂಡಾಳಿಗೆ ಥಟ್ಟನೆ ಹೊಳೆಯಿತು. ಐದು ತಿಂಗಳು ತಾನು ನಡೆಸಿದ್ದು, ಚೆಂಡು ಎಸೆದದ್ದು, ಟವೆಲ್ಲಿಗೆ ಗಂಟು ಹಾಕಿದ್ದು ಎಲ್ಲವೂ ಕೆಲಸವಿಲ್ಲದ ನಾಯಿಗೆಂದು. ಇದಕ್ಕೆ ಕೆಲಸವಿಲ್ಲದ ದಿನ ಒಂದೂ ಇರಲಿಲ್ಲ. ಬಾಯಲ್ಲಿ ಚೆಂಡು ಹಿಡಿದು ಆಡಲು ಅದಕ್ಕೆ ಪುರುಸೊತ್ತು ಎಲ್ಲಿತ್ತು? ನವೆಂಬರಿನ ಆ ಮಧ್ಯಾಹ್ನ ಮರ್ವ್ ಹೋಗು ಎಂದಿದ್ದ, ಇದು ಹೋಗಿತ್ತು, ಇನ್ನೂ ಬಂದಿರಲಿಲ್ಲ. ಊರು ಬದಲಾಗಿ, ಕುರಿ ಬಟ್ಟೆಯಾಗಿ, ಅದು ಅಲ್ಲೇ ಮಲಗಿತ್ತು. ಇವಳು ದಿನವೂ ಅದರ ಬೆನ್ನ ಹಿಂದೆ ನಿಂತು ಮುಂದೇನು ಮಾಡಲಿ ಎಂದು ಕ್ಯಾಲೆಂಡರಿನ ಹಿಂಬದಿ ಓದುತ್ತಿದ್ದಳು.

“ನೀನೇ ಹೇಳು ಈಗ” ಎಂದಳು ರೆಜ್‌ಗೆ. “ಇವತ್ತಿಂದ ನಿನ್ನ ನಾಯಿ ತಾನೇ.”

ರೆಜ್ ಬೂಟಿನ ತುದಿ ನೋಡಿಕೊಂಡ. “ಕಳಿಸಿದವನ ಮನೆಯವರು ಹೇಳಿದ್ರೆ ಕೇಳೀತು. ನಾನು ಹೇಳಿದ್ರೆ, ಊಹೂಂ.” ಕಣ್ಣೆತ್ತಿ, “ಮನೆಯವರು ಅಂತ ಇರೋದು ನೀನೊಬ್ಳೇ” ಎಂದ.

ಅವಳು ಹುಲ್ಲಿನ ಮೇಲೆ ನಡೆದು ಮೂಲೆಗೆ ಹೋದಳು. ಹತ್ತು ಹೆಜ್ಜೆ, ಹೆಚ್ಚಿಲ್ಲ. ಬೇಲಿಯಾಚೆ ಸೂಲಾ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತುಬಿಟ್ಟಿದ್ದಳು; ಹಿಂದೆ ರೆಜ್. ಇಬ್ಬರೂ ನೋಡುತ್ತಿದ್ದರು, ಮತ್ತೆ ಅದೇ ಶೆಡ್ಡಿನ ಬಾಗಿಲು, ಕೇಕಿನ ತಟ್ಟೆ, ಹನ್ನೆರಡು ಗಂಡಸರ ಹಲ್ಲು. ಎಷ್ಟು ಜನ ಸತ್ತರು ಅವರಲ್ಲಿ, ಎಷ್ಟು ಜನಕ್ಕೆ ಅದು ನೆನಪಿದೆ? ಇಡೀ ಪ್ರಪಂಚದಲ್ಲಿ ಆ ನಗುವನ್ನು ಕಾಪಾಡಿಕೊಂಡು ಬಂದವಳು ತಾನೊಬ್ಬಳೇ. ಗಾಳಿ ಬಂತು. ಬೆಡ್‌ಶೀಟುಗಳೆಲ್ಲ ಒಟ್ಟಿಗೆ ಎದ್ದವು, ಮೆಗ್ ಎಡಕ್ಕೆ ನುಗ್ಗಿ, ಬೊಗಳಿ, ತಗ್ಗಿತು, ಅದರ ಹಿಂಗಾಲು ನಡುಗುತ್ತಿದ್ದದ್ದು ಅವಳಿಗೆ ಮೊದಲ ಸಲ ಕಂಡಿತು. ಪಾಪದ್ದು, ಎಷ್ಟು ದಣಿದಿದೆ ಎಂದು ಅವಳಿಗೆ ಅಳು ಬಂತು. ಆ ಅಳುವಿನ ಜೊತೆಗೇ ಮಾತೂ ಬಂದುಬಿಟ್ಟಿತು, ಅವಳ ಲೆಕ್ಕಕ್ಕಿಂತ ಗಟ್ಟಿಯಾಗಿ, ಒಡೆದ ಧ್ವನಿಯಲ್ಲಿ.

“ಆಯ್ತು, ಮೆಗ್. ಬಿಡು.”

ಮೆಗ್ ತಿರುಗಲಿಲ್ಲ. ಕಿವಿಗಳು ಮಾತ್ರ ಹಿಂದಕ್ಕೆ ಬಂದವು. ಆಮೇಲೆ ಬಹಳ ನಿಧಾನವಾಗಿ ಅದು ಕುತ್ತಿಗೆ ಹೊರಳಿಸಿ ಗ್ವೆಂಡಾಳ ಮುಖ ನೋಡಿತು, ಕೆಳಗಿನ ಹೊಲದಲ್ಲಿ ನೋಡಿದಂತೆ. ಗ್ವೆಂಡಾ ಈ ಸಲ ಕಣ್ಣು ತಪ್ಪಿಸಲಿಲ್ಲ. “ಬಿಡು. ಅಣ್ಣ ಬರಲ್ಲ. ಆಯ್ತು” ಎಂದಳು, ಮರ್ವ್ ಹೇಳುತ್ತಿದ್ದ ಹಾಗೆ ಮೆತ್ತಗೆ. ನಾಯಿಯ ಮೈ ಎಲ್ಲೋ ಒಂದು ಕಡೆ ಕಳಚಿಕೊಂಡಿತು. ಎದ್ದು, ಒಮ್ಮೆ ಮೈ ಒದರಿ, ಬೆಡ್‌ಶೀಟುಗಳಿಗೆ ಬೆನ್ನು ಮಾಡಿ ನಡೆದು ಬಂತು. ನೀರಿನ ಬಟ್ಟಲು ಖಾಲಿಯಾಗುವ ತನಕ ಕುಡಿಯಿತು. ಬಂದು ಅವಳ ಬಲಗಾಲಿನ ಮೇಲೆ, ಶೂಸಿನ ಮೇಲೇ, ಗಲ್ಲ ಇಟ್ಟು ಮಲಗಿತು. ಗಾಳಿ ಇನ್ನೊಂದು ಸಲ ಬಂತು. ಶೀಟುಗಳು ಎದ್ದು ಪಟಪಟ ಬಡಿದುಕೊಂಡವು. ಮೆಗ್‌ಗೆ ಅದು ಕೇಳಿಸಲಿಲ್ಲ, ಗೊರಕೆ ಹೊಡೆಯುತ್ತಿತ್ತು.

“ಅಯ್ಯೋ ನನ್ನ ತಾಯೇ” ಎಂದು ಬೇಲಿಯಾಚೆ ಸೂಲಾ ಶಿಲುಬೆಯ ಗುರುತು ಹಾಕಿಕೊಂಡಳು. “ಇಷ್ಟೇನಾ? ಇಷ್ಟೇ ಹೇಳ್ಬೇಕಿತ್ತಾ?”

ರೆಜ್ ಗಾಡಿಯ ಬಳಿಗೆ ನಡೆದ. ಚೀಲದಲ್ಲಿದ್ದ ಸರಪಳಿಯನ್ನು ತೆಗೆದು ಮೆಟ್ಟಿಲ ಮೇಲಿಟ್ಟ, ಗಾಡಿಯ ಹಿಂದಿನ ಹಲಗೆಯನ್ನು ಸದ್ದಾಗದಂತೆ ಎತ್ತಿ ಮುಚ್ಚಿದ. “ನಾಳೆ ಕೌನ್ಸಿಲಿನವನಿಗೆ ಬಿಸ್ಕತ್ತು ಕೊಟ್ಟು ಕಳಿಸು” ಎಂದ. “ನಾಯಿಯ ಗಂಟಲು ಸಿಕ್ಕಿದ ಮೇಲೆ ನಾನು ಕರ್ಕೊಂಡ್ಹೋಗೋ ಹಂಗಿಲ್ಲ.” ಟೋಪಿ ಮುಟ್ಟಿದ, ಹೋದ. ಸೂಲಾ ಬುಟ್ಟಿಯನ್ನು ಸೊಂಟದ ಮೇಲೆ ಸರಿಮಾಡಿಕೊಂಡು ತನ್ನ ಮನೆಯೊಳಗೆ ಹೋದಳು.

ಒಳಗೆ ಕೆಟಲ್ ಸಿಳ್ಳೆ ಹಾಕಲು ಶುರುಮಾಡಿತು. ನಾಲ್ಕೂವರೆ. ಐದು ತಿಂಗಳಿಂದ ಈ ಸಿಳ್ಳೆಗೆ ಮೆಗ್ ಮೂಲೆಯಲ್ಲೇ ಬೆಚ್ಚಿ ಕಿವಿ ನಿಗುರಿಸುತ್ತಿತ್ತು, ಇವಳು ಓಡಿಹೋಗಿ ಇಳಿಸುತ್ತಿದ್ದಳು, ಬೀರುವಿನಿಂದ ಎರಡು ಬಟ್ಟಲು ತೆಗೆದು ಒಂದನ್ನು ಹಿಂದಕ್ಕಿಡುತ್ತಿದ್ದಳು. ಈಗ ನಾಯಿ ಅಲುಗಲಿಲ್ಲ. ಗ್ವೆಂಡಾ ಕಾಲು ಎಳೆದುಕೊಳ್ಳಬಹುದಿತ್ತು, ಎಳೆದುಕೊಳ್ಳಲಿಲ್ಲ. ಸಿಳ್ಳೆ ಏರುತ್ತ ಹೋಯಿತು, ಕಿಟಕಿಯ ಗಾಜಿನ ಮೇಲೆ ಹಬೆ ಕೂತಿತು, ಹೋಗಬೇಕು, ಇಳಿಸಬೇಕು, ಯಾರೋ ಬೂಟು ಬಿಚ್ಚುತ್ತ ಕಾಯುತ್ತಿರುತ್ತಾರೆ ಎಂದು ಅವಳ ಮೈಯೆಲ್ಲ ಮುಂದಕ್ಕೆ ಬಾಗಿತ್ತು, ಮೂಲೆಯಲ್ಲಿ ತಗ್ಗಿದ ನಾಯಿಯ ಹಾಗೆ. ನಲವತ್ತೆರಡು ವರ್ಷ ಈ ಹೊತ್ತಿಗೆ ಅವಳು ಒಲೆಯ ಮುಂದಿದ್ದಳು. ಅವಳಿಗೂ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಗೇಟಿಗೆ ಒರಗಿ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೊರಟುಹೋಗಿದ್ದ.

ಸಿಳ್ಳೆ ಸೊರಗಿತು. ನೀರು ಇಂಗುತ್ತಿರಬೇಕು.

“ಆಯ್ತು, ಬಿಡು” ಎಂದಳು ಗ್ವೆಂಡಾ.

ಮೆಗ್ ಗಲ್ಲ ಎತ್ತಿ, ನಿದ್ದೆಗಣ್ಣಿನಲ್ಲಿ ಅವಳ ಮುಖ ನೋಡಿತು, ಇನ್ನೇನು ಬಿಡಬೇಕಿತ್ತು ಎಂದು ಕೇಳುವ ಹಾಗೆ.

“ನಿನಗಲ್ಲ ಕಣೇ” ಎಂದಳು. “ನೀನು ಮಲಕ್ಕೋ.”